ವಾಚನಾಲಯದ ಕೋಣೆ ಬಾಡಿಗೆಗೆ ಹೋದ ಪ್ರಕರಣ

ನಡವಳಿ ಪುಸ್ತಕದ ಆ ಪುಟದಲ್ಲಿ 41 ಸಹಿಗಳಿದ್ದವು. ಸಹಿಗಳ ಮೇಲೆ ಬರಹ ಇರಬೇಕಾದ ಜಾಗ ಮಾತ್ರ ಖಾಲಿಯಾಗಿತ್ತು. ನಮ್ಮ ಕಡೆಯ ಸಂಘಗಳಲ್ಲಿ ಇದೇ ರೂಢಿ. ಸಭೆಗೆ ಬಂದವರಿಗೆ ಬಾಗಿಲಲ್ಲೇ ಪುಸ್ತಕ ಹಿಡಿದು ಸಹಿ ಹಾಕಿಸುತ್ತಾರೆ, ಆಮೇಲೆ ಸಭೆ ನಡೆಯುತ್ತದೆ, ಏನು ತೀರ್ಮಾನವಾಯಿತು ಎಂಬುದನ್ನು ಕಾರ್ಯದರ್ಶಿ ಮನೆಯಲ್ಲಿ ಕುಳಿತು ಬರೆಯುತ್ತಾನೆ. ಆ ಕಾರ್ಯದರ್ಶಿ ನಾನೇ. ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾಗಿ ಆಯುಷ್ಯವೆಲ್ಲ ಟಿಪ್ಪಣಿ ಬರೆದವನು. ಆದರೂ ಅಂದು ರಾತ್ರಿ ಹನ್ನೊಂದರ ತನಕ ಪೆನ್ನು ಹಿಡಿದು ಕುಳಿತರೂ ಒಂದು ವಾಕ್ಯ ಮೂಡಲಿಲ್ಲ. ಎರಡು ತಾಸು ಜಗಳವಾಡಿದ ಸಭೆ ಕೊನೆಗೆ ಯಾವುದಕ್ಕೆ ಒಪ್ಪಿತು ಎಂಬುದು ನನಗೆ ಗೊತ್ತಿರಲಿಲ್ಲ.

ಸ್ಥಳ ಬಾಗಲಕೋಟೆಯ ನವನಗರ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿದ ಮೇಲೆ ಪರಿಹಾರ ತೆಗೆದುಕೊಂಡು ಬಂದವರು ಕಟ್ಟಿಕೊಂಡ ಸೆಕ್ಟರುಗಳ ಊರು ಇದು. ಮನೆಗಳು ಬಂದವು, ಅಗಲ ರಸ್ತೆಗಳು ಬಂದವು, ಓಣಿಯ ಕಟ್ಟೆ ಬರಲಿಲ್ಲ. ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಒಂದು ಚಿಕ್ಕ ಭವನವಿದೆ. ಅದರ ನೆಲಮಹಡಿಯ ಕೋಣೆಯೇ ವಾಚನಾಲಯ. ಎರಡು ಬೆಂಚು, ಒಂದು ಉದ್ದನೆಯ ಮೇಜು, ನಾಲ್ಕು ಪತ್ರಿಕೆ. ಹಿರಿಯರಿಗೆ ಅದೇ ಕಟ್ಟೆ. ನಾನೂ ಬೆಳಿಗ್ಗೆ ಅಲ್ಲೇ ಇರುವವನು. ಆದ್ದರಿಂದ ಈ ಪ್ರಕರಣದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂಬುದನ್ನು ಓದುಗರು ಮೊದಲೇ ತಿಳಿದಿರಲಿ.

ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು. ಸದಸ್ಯರು 96. ಬೈಲಾ ಪ್ರಕಾರ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಜನ, ಮೂರನೇ ಒಂದು ಭಾಗ, ಅಂದರೆ 32. ಸಂವಿಧಾನದ 189ನೇ ವಿಧಿಯಂತೆ ವಿಧಾನಸಭೆಗೆ ಹತ್ತು ಜನ ಅಥವಾ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅಷ್ಟು ಜನ ಇದ್ದರೆ ಸಾಕು. 224 ಸ್ಥಾನಗಳ ನಮ್ಮ ಸದನ 23 ಜನರಿಂದ ನಡೆಯಬಹುದು. ನಮ್ಮ ಬೈಲಾ ಬರೆದ ಪುಣ್ಯಾತ್ಮರಿಗೆ ಅಷ್ಟು ಧೈರ್ಯ ಇರಲಿಲ್ಲ.

ಮೊದಲ ಸಭೆ

ವಾರ್ಷಿಕ ಸರ್ವಸಾಧಾರಣ ಸಭೆಯ ನೋಟಿಸಿನಲ್ಲಿ ಐದು ವಿಷಯಗಳಿದ್ದವು: ಹಿಂದಿನ ಸಭೆಯ ನಡವಳಿ, ಜಮಾ-ಖರ್ಚು, ಲೆಕ್ಕ ತಪಾಸಣೆಗಾರರ ನೇಮಕ, ವಾರ್ಷಿಕ ವಂತಿಗೆ, ಮತ್ತು ಐದನೆಯದಾಗಿ ಎಲ್ಲ ನೋಟಿಸುಗಳ ಬಾಲದಲ್ಲೂ ಇರುವ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’. ಮೊದಲ ನಾಲ್ಕು ಅರ್ಧ ತಾಸಿನಲ್ಲಿ ಮುಗಿದವು. ಐದನೆಯದರ ಬಾಗಿಲಿನಿಂದ ವಾಚನಾಲಯದ ಕೋಣೆ ಒಳಗೆ ಬಂತು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ನಡೆಸುವವರೊಬ್ಬರು ತಿಂಗಳಿಗೆ ಒಂಬತ್ತು ಸಾವಿರಕ್ಕೆ ಕೋಣೆ ಕೇಳಿದ್ದಾರೆ, ಬಾಡಿಗೆಗೆ ಕೊಡೋಣ ಎಂದು ಅಧ್ಯಕ್ಷರು ಹೇಳಿದರು.

ಅಧ್ಯಕ್ಷರು ಸಜ್ಜನರು. ಭವನಕ್ಕೆ ಛಾವಣಿ ಹಾಕುವಾಗ ಕೈಯಿಂದ ದುಡ್ಡು ಹಾಕಿದವರು. ‘ನಮ್ಮದು ಅನುಭವ ಮಂಟಪದ ನಾಡು, ಇಲ್ಲಿ ಎಲ್ಲರ ಮಾತಿಗೂ ಬೆಲೆ ಇದೆ’ ಎಂದು ಆರಂಭಿಸಿ, ಕೋಣೆ ಯಾಕೆ ಕೊಡಬೇಕು ಎಂದು ಇಪ್ಪತ್ತು ನಿಮಿಷ ಒಬ್ಬರೇ ಮಾತನಾಡಿದರು. ಅಲ್ಲಮ ಕುಳಿತದ್ದು ಶೂನ್ಯಪೀಠದ ಮೇಲೆ. ನಮ್ಮ ಪೀಠದ ಮೇಲೆ ಅಧ್ಯಕ್ಷರಿಗಿಂತ ಮೊದಲೇ ತೀರ್ಮಾನ ಬಂದು ಕುಳಿತಿತ್ತು.

ಆಮೇಲೆ ಬಾಯಿಗಳು ತೆರೆದವು. ಒಬ್ಬರು ಕೊಡೋಣ ಎಂದರು. ಇನ್ನೊಬ್ಬರು ಹನ್ನೊಂದು ತಿಂಗಳಿಗೆ ಮಾತ್ರ ಎಂದರು. ಅದು ಜಾಣತನದ ಮಾತು, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಬೆಳಿಗ್ಗೆ ಪತ್ರಿಕೆ ಓದಲು ಬಿಡಬೇಕು ಎಂದು ಮತ್ತೊಬ್ಬರು. ಬಾಡಿಗೆ ಹನ್ನೆರಡು ಸಾವಿರ ಆಗಬೇಕು ಎಂದು ಹಿಂದಿನ ಸಾಲು. ಆ ದುಡ್ಡಿನಲ್ಲಿ ಉದ್ಯಾನದ ಬೋರ್‌ವೆಲ್ ರಿಪೇರಿ ಆಗಲಿ ಎಂದು ಬಾಗಿಲ ಬಳಿ ನಿಂತವರು. ಪ್ರತಿಯೊಬ್ಬರಿಗೂ ಅಧ್ಯಕ್ಷರು ‘ಆಗಲಿ, ಆಗಲಿ’ ಎಂದರು. ಅಡುಗೆಮನೆಯಿಂದ ಮಿರ್ಚಿ ಭಜಿಯ ವಾಸನೆ ಬರತೊಡಗಿದಾಗ ‘ಹಾಗಾದರೆ ಎಲ್ಲರದೂ ಒಪ್ಪಿಗೆ ತಾನೆ? ಪರವಾಗಿದ್ದವರು ಕೈ ಎತ್ತಿ’ ಎಂದರು.

ಹದಿನೈದು ಕೈಗಳು ಎದ್ದವು. ಅದರಲ್ಲಿ ಅಧ್ಯಕ್ಷರದೂ ಒಂದು. ವಿರುದ್ಧವಾಗಿಯೂ ಹದಿನೈದೇ. ನಾಲ್ವರು ಕೈ ಕಟ್ಟಿಕೊಂಡು ಕುಳಿತಿದ್ದರು. ಉಳಿದವರು ಆಗಲೇ ಮನೆಗೆ ಹೋಗಿದ್ದರು. ‘ಮೂವತ್ತೇ ಮತ, ಕೋರಂ ಇಲ್ಲ’ ಎಂದು ಒಬ್ಬರು ಕೂಗಿದರು. ‘ಸಮ ಬಂದರೆ ನನ್ನ ನಿರ್ಣಾಯಕ ಮತ ಇದೆಯಲ್ಲ’ ಎಂದು ಅಧ್ಯಕ್ಷರು ಮತ್ತೊಮ್ಮೆ ಕೈ ಎತ್ತಿದರು. ಸಭೆ ಮುಗಿಯಿತು. ಭಜಿ ತಿನ್ನದೆ ಹೋದವರು ಆರು ಜನ. ನಮ್ಮ ಊರಿನಲ್ಲಿ ಅಸಮಾಧಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಒಂದೊಂದಾಗಿ ನೋಡೋಣ. ಕೋರಂ ಇಲ್ಲ ಎಂದು ಕೂಗಿದವರ ಆಕ್ಷೇಪ ತಪ್ಪು. ಕೋರಂ ಎಣಿಸುವುದು ತಲೆಗಳನ್ನು, ಕೈಗಳನ್ನಲ್ಲ. ಮತ ಹಾಕದೆ ಕುಳಿತ ನಾಲ್ವರೂ ಸೇರಿ 34 ಜನ ಇದ್ದರು, ಕೋರಂ ಇತ್ತು. ಆ ನಾಲ್ವರು ಬಹುಮತದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ನಿರ್ಣಾಯಕ ಮತದ ಪ್ರಶ್ನೆ ಕಠಿಣ. ನಮ್ಮ ಬೈಲಾದಲ್ಲಿ ಇರುವುದು ಒಂದೇ ಸಾಲು: ‘ಸಮ ಮತಗಳು ಬಂದಾಗ ಅಧ್ಯಕ್ಷರು ನಿರ್ಣಾಯಕ ಮತ ಚಲಾಯಿಸಬಹುದು.’ ಅದಕ್ಕೂ ಮೊದಲು ಸದಸ್ಯರಾಗಿ ಒಂದು ಮತ ಹಾಕಬಹುದೋ ಇಲ್ಲವೋ, ಬೈಲಾ ಬಾಯಿ ಬಿಡುವುದಿಲ್ಲ. ಶಾಸನಸಭೆಯಲ್ಲಿ ಈ ಗೊಂದಲವಿಲ್ಲ. ಸಭಾಧ್ಯಕ್ಷರು ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ, ಸಮ ಬಂದರೆ ಮಾತ್ರ ಹಾಕಬೇಕು ಎಂದು 189ನೇ ವಿಧಿ ಬಿಡಿಸಿ ಹೇಳುತ್ತದೆ. ಆ ಮತವನ್ನು ಯಾವ ಕಡೆಗೆ ಹಾಕಬೇಕು ಎಂಬುದಕ್ಕೂ ಹಳೆಯ ಸಂಪ್ರದಾಯವಿದೆ. ಬ್ರಿಟನ್ನಿನ ಕೆಳಮನೆಯ ಸ್ಪೀಕರ್ ಡೆನಿಸನ್ 1867ರಲ್ಲಿ ಹಾಕಿಕೊಟ್ಟ ದಾರಿಯಂತೆ, ಬಹುಮತ ಸಿಗದ ಬದಲಾವಣೆಯನ್ನು ಪೀಠದ ಮತದಿಂದ ತರಬಾರದು. ಚರ್ಚೆ ಮುಂದುವರಿಯುವಂತಿದ್ದರೆ ಅದಕ್ಕೆ ಅವಕಾಶ ಕೊಡಬೇಕು, ಇಲ್ಲವಾದರೆ ಇದ್ದದ್ದನ್ನು ಇದ್ದಂತೆ ಬಿಡಬೇಕು. ನಮ್ಮಲ್ಲೂ ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲರು 1928ರಲ್ಲಿ ಸರ್ಕಾರದ ಸಾರ್ವಜನಿಕ ಸುರಕ್ಷತಾ ಮಸೂದೆಗೆ ಸಮ ಮತ ಬಂದಾಗ ತಮ್ಮ ಮತವನ್ನು ಅದರ ವಿರುದ್ಧ ಹಾಕಿ ಬೀಳಿಸಿದ್ದರು. ನಮ್ಮ ಅಧ್ಯಕ್ಷರು ಎರಡು ಸಲ ಕೈ ಎತ್ತಿದ್ದು ಬೈಲಾಕ್ಕೆ ವಿರುದ್ಧ ಎಂದು ಅಡ್ಡ ಗೆರೆ ಎಳೆದು ಹೇಳಲಾರೆ. ಅಧ್ಯಕ್ಷತೆಗೆ ಒಪ್ಪುವ ಕೆಲಸ ಅಲ್ಲ ಎಂದು ಮಾತ್ರ ಹೇಳಬಲ್ಲೆ.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಬೇರೆ, ಮತ್ತು ಅದರಲ್ಲಿ ನನ್ನ ಪಾಲೂ ಇದೆ. ಸಭೆಗೆ ಬಾರದ 55 ಸದಸ್ಯರು ನೋಟಿಸು ಓದಿ, ಜಮಾ-ಖರ್ಚು ಕೇಳಿ ಏನಾಗಬೇಕು ಎಂದು ಮನೆಯಲ್ಲಿ ಉಳಿದವರು. ಸಂಘದ ಆಸ್ತಿಯ ವಿಷಯ ಬರುತ್ತದೆ ಎಂದು ತಿಳಿದಿದ್ದರೆ ಬಹಳಷ್ಟು ಜನ ಬರುತ್ತಿದ್ದರು. ‘ಇತರ ವಿಷಯ’ ಇರುವುದು ಶ್ರದ್ಧಾಂಜಲಿಗೆ, ಅಭಿನಂದನೆಗೆ, ಬೀದಿದೀಪದ ದೂರಿಗೆ. ನಾನು ಎದ್ದು ‘ಇದು ನೋಟಿಸಿನಲ್ಲಿಲ್ಲ, ಮುಂದಿನ ಸಭೆಗೆ ಇಡೋಣ’ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಕಡೆಯವರೇ ಗೆಲ್ಲುತ್ತಾರೆ ಎಂದು ಎಣಿಸಿಕೊಂಡು ಸುಮ್ಮನೆ ಕುಳಿತಿದ್ದೆ.

ಖಾಲಿ ಪುಟದ ಮುಂದೆ ಕುಳಿತಾಗ ಇನ್ನೊಂದು ಹೊಳೆಯಿತು. ಆ ಹದಿನೈದು ಕೈಗಳು ಎದ್ದದ್ದು ಯಾವುದಕ್ಕೆ? ಒಂಬತ್ತು ಸಾವಿರಕ್ಕೋ, ಹನ್ನೆರಡಕ್ಕೋ? ಬೆಳಗಿನ ಓದು ಉಳಿಯಿತೋ, ಹೋಯಿತೋ? ಬೋರ್‌ವೆಲ್ ಸೇರಿತೋ? ಪ್ರತಿಯೊಬ್ಬರೂ ತಮ್ಮ ತಲೆಯೊಳಗಿನ ವಾಕ್ಯಕ್ಕೆ ಕೈ ಎತ್ತಿದ್ದರು. ಕೊನೆಗೆ ನಾನು ಬರೆದದ್ದು ಇಷ್ಟು: ‘ಕೋಣೆಯ ಬಾಡಿಗೆಯ ಬಗ್ಗೆ ಚರ್ಚೆ ನಡೆಯಿತು. ಪರ 15, ವಿರುದ್ಧ 15. ಅಧ್ಯಕ್ಷರು ನಿರ್ಣಾಯಕ ಮತವನ್ನು ಪರವಾಗಿ ಚಲಾಯಿಸಿದರು. ಬಾಡಿಗೆಯ ಮೊತ್ತ, ಅವಧಿ, ವೇಳೆ ನಿಗದಿಯಾಗಲಿಲ್ಲ.’ ಹೇಡಿ ಬರಹ, ಆದರೆ ಸುಳ್ಳಲ್ಲ.

ಅಕ್ಕಾವರ ಷರತ್ತುಗಳು

ಐದನೇ ಒಂದು ಭಾಗ ಸದಸ್ಯರು ಬರೆದು ಕೇಳಿದರೆ ವಿಶೇಷ ಸರ್ವಸಾಧಾರಣ ಸಭೆ ಕರೆಯಬೇಕು ಎಂದು ಬೈಲಾದಲ್ಲಿದೆ. ಇಪ್ಪತ್ತು ಸಹಿ ಬೇಕಿತ್ತು, ಮೂರೇ ದಿನದಲ್ಲಿ 23 ಬಂದವು. ಆ ಸಭೆಯನ್ನು ಯಾರು ನಡೆಸಬೇಕು ಎಂಬ ಮಾತು ಬಂದಾಗ ಎಲ್ಲರ ಕಣ್ಣು ಹೋದದ್ದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅಕ್ಕಾವರ ಕಡೆಗೆ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಚಳಿಗಾಲದ ಅಧಿವೇಶನ ತೋರಿಸಿಕೊಂಡು ಬಂದವರು ಅವರು.

‘ಗೌಡರೇ, ನಿಮಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದೆ. ಪೀಠದಿಂದ ಇಳಿದು ಬಂದು ಹೇಳಿ, ಮನಸ್ಸು ಬಿಚ್ಚಿ ಹೇಳಬಹುದು’ ಎಂದು ಅಧ್ಯಕ್ಷರಿಗೆ ಅವರು ಚಹಾ ಕೊಡುತ್ತ ಹೇಳಿದರು. ಅಧ್ಯಕ್ಷರು ಲೋಟ ಕೆಳಗಿಡುವ ತನಕ ಸುಮ್ಮನಿದ್ದು ‘ಆಗಲಿ ಅಕ್ಕಾವರೇ, ನೀವೇ ಕೂಡಿ’ ಎಂದರು. ಈ ಪ್ರಕರಣದಲ್ಲಿ ನಾನು ಮೆಚ್ಚಿದ ಮೊದಲ ಕೆಲಸ ಅದು.

ಅಕ್ಕಾವರು ನನಗೂ ಒಂದು ಕಥೆ ಹೇಳಿದರು. 1863ರಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚಿನಲ್ಲಿ ಸಭೆ ನಡೆಸಲು ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬುವರನ್ನು ಕೂಡಿಸಿದರಂತೆ. ಸಭೆ ಅವರ ಕೈ ಮೀರಿ ಗದ್ದಲವಾಯಿತು. ನಾಚಿಕೆಯಾಗಿ ನಿಯಮಗಳನ್ನು ಓದತೊಡಗಿದವರು 1876ರಲ್ಲಿ ಸಾಮಾನ್ಯ ಸಂಘ-ಸಂಸ್ಥೆಗಳಿಗಾಗಿ ಸಭಾ ನಿಯಮಗಳ ಪುಸ್ತಕವನ್ನೇ ತಂದರು. ‘ಶಾಸ್ತ್ರ ಹುಟ್ಟಿದ್ದೇ ನಿಮ್ಮಂಥವರ ಖಾಲಿ ಪುಟದಿಂದ’ ಎಂದು ನಕ್ಕರು. ಇಲಾಖೆಯಲ್ಲಿ ಎಂಜಿನಿಯರುಗಳ ಟಿಪ್ಪಣಿ ತಿದ್ದಿ ತಿದ್ದಿ ಸಾಕಾದ ನನಗೆ ಆ ರಾಬರ್ಟ್ ಸಾಹೇಬರ ಮೇಲೆ ಗೌರವ ಬಂತು.

ಅವರ ಷರತ್ತುಗಳು ಹೆಚ್ಚಿರಲಿಲ್ಲ. ಠರಾವಿನ, ಅಂದರೆ ಸಭೆಯ ಮುಂದಿಡುವ ನಿರ್ಣಯದ, ಪೂರ್ಣ ವಾಕ್ಯ ನೋಟಿಸಿನಲ್ಲೇ ಇರಬೇಕು. ಸಭೆಯಲ್ಲಿ ಅದೇ ವಾಕ್ಯ ಕರಿಹಲಗೆಯ ಮೇಲೆ ಇರಬೇಕು. ನಡವಳಿಯನ್ನು ಅಲ್ಲೇ ಬರೆದು, ಓದಿ, ಆಮೇಲೆ ಸಹಿ.

ಎರಡನೆಯ ಸಭೆ

ಬಂದವರು 61 ಜನ. ಹಿಂದಿನ ತೀರ್ಮಾನವನ್ನು ರದ್ದುಪಡಿಸುವ ವಿಷಯ ನೋಟಿಸಿನ ಮೊದಲ ಸಾಲಿನಲ್ಲೇ ಇತ್ತು, ಧ್ವನಿಮತದಿಂದ ಆಯಿತು. ಒಬ್ಬೊಬ್ಬರಿಗೆ ಮೂರು ನಿಮಿಷ, ಮಾತನಾಡದವರು ಇರುವಾಗ ಮಾತನಾಡಿದವರಿಗೆ ಎರಡನೆಯ ಸರದಿ ಇಲ್ಲ, ಚರ್ಚೆ ನಿಲ್ಲಿಸಲು ಮೂರರಲ್ಲಿ ಎರಡು ಭಾಗ ಮತ ಬೇಕು, ಈ ಸಭೆಯ ಮಟ್ಟಿಗೆ ಅಧ್ಯಕ್ಷ ಪೀಠದಲ್ಲಿ ಅಕ್ಕಾವರು ಎಂಬುದಕ್ಕೂ ಸಭೆ ಒಪ್ಪಿತು. ಆಮೇಲೆ ಕರಿಹಲಗೆಯ ಮೇಲಿನ ವಾಕ್ಯ:

‘ಭವನದ ನೆಲಮಹಡಿಯ ಕೋಣೆಯನ್ನು ತಿಂಗಳಿಗೆ 9,000 ರೂಪಾಯಿ ಬಾಡಿಗೆಗೆ, 11 ತಿಂಗಳ ಅವಧಿಗೆ, ತರಬೇತಿ ತರಗತಿಗೆ ಕೊಡತಕ್ಕದ್ದು.’

ಸೂಚಕರು ಗೌಡರು. ಅನುಮೋದಕರು ಯಾರು ಎಂದು ಕೇಳಿದಾಗ ವಾಚನಾಲಯದ ಕಾಕಾ ಕೈ ಎತ್ತಿದ್ದು ನೋಡಿ ನನಗೆ ಗಾಬರಿಯಾಯಿತು. ಅಲ್ಲಿ ಪತ್ರಿಕೆಯ ಪದಬಂಧ ಬಿಡಿಸದೆ ಮನೆಗೆ ಹೋಗದ ಮನುಷ್ಯ! ‘ಕಾಕಾ, ನೀವು ವಿರುದ್ಧ ಅಲ್ಲವೇ?’ ಎಂದು ಪಿಸುಗುಟ್ಟಿದೆ. ‘ವಿರುದ್ಧವೇ. ಚರ್ಚೆಗೆ ಬರಲಿ ಎಂದು ಅನುಮೋದಿಸಿದೆ, ಒಪ್ಪಿದೆ ಎಂದಲ್ಲವಲ್ಲ’ ಎಂದರು. ಮುಂಬಯಿ ಪ್ರಾಂತ್ಯದ ಕಾಲದ ಅಜ್ಜಂದಿರಿಂದ ಠರಾವು ಎಂಬ ಶಬ್ದದ ಜೊತೆ ಇಷ್ಟನ್ನೂ ಕಲಿತಿದ್ದರೆಂದು ಕಾಣುತ್ತದೆ.

ತಿದ್ದುಪಡಿಗಳು ಶುರುವಾದವು. ಮೊದಲನೆಯವರು ‘ಕೊಡತಕ್ಕದ್ದು ಎಂಬುದರ ಮುಂದೆ ಅಲ್ಲ ಸೇರಿಸಿ’ ಎಂದರು. ಚಪ್ಪಾಳೆ ಬಿತ್ತು. ಅಕ್ಕಾವರು ಒಪ್ಪಲಿಲ್ಲ. ಠರಾವನ್ನು ತಲೆಕೆಳಗು ಮಾಡುವುದು ತಿದ್ದುಪಡಿಯಲ್ಲ, ಬೇಡವೆನ್ನುವವರು ಕೊನೆಗೆ ವಿರುದ್ಧ ಮತ ಹಾಕಿದರೆ ಅದೇ ಆಗುತ್ತದೆ. ಬೋರ್‌ವೆಲ್ ಮತ್ತೆ ಬಂತು. ಅದು ಬೇರೆ ವಿಷಯ, ಬೇರೆ ಠರಾವು. ಯುವಕನೊಬ್ಬ ಎದ್ದು ‘ಪಾಯಿಂಟ್ ಆಫ್ ಆರ್ಡರ್!’ ಎಂದು ಗರ್ಜಿಸಿ ಬೋರ್‌ವೆಲ್ಲಿನ ಬಗ್ಗೆಯೇ ಮಾತು ತೆಗೆದ. ‘ಕ್ರಿಯಾಲೋಪ ಎತ್ತುವಾಗ ಯಾವ ನಿಯಮ ಮುರಿಯಿತು ಎಂದು ಹೇಳಬೇಕು ತಮ್ಮಾ. ಯಾವುದು ಮುರಿಯಿತು?’ ಎಂದರು ಅಕ್ಕಾವರು. ಅವನು ಕುಳಿತ. ವಿಧಾನಸಭೆಯಲ್ಲೂ ಅರ್ಧಕ್ಕರ್ಧ ಕ್ರಿಯಾಲೋಪಗಳು ಮೈಕು ಹಿಡಿಯುವ ಉಪಾಯವೇ ಎಂಬುದು ನನ್ನ ಅನುಮಾನ.

9,000 ತೆಗೆದು 12,000 ಹಾಕಬೇಕು ಎಂಬ ತಿದ್ದುಪಡಿ ಬಂತು. ತರಬೇತಿಯವರು ಒಂಬತ್ತರ ಮೇಲೆ ಒಂದು ರೂಪಾಯಿ ಏರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಯೊಳಗೆ ವಿಷ ಇಟ್ಟುಕೊಂಡ ತಿದ್ದುಪಡಿ. ‘ಇದು ಕೆಡಿಸಲು ತಂದದ್ದು’ ಎಂದು ಗೌಡರು ಸಿಟ್ಟಾದರು. ಪೀಠದ ಉತ್ತರ: ವಾಕ್ಯಕ್ಕೆ ಸಂಬಂಧಿಸಿದ್ದರೆ ಸಾಕು, ತಂದವರ ಮನಸ್ಸು ಪೀಠಕ್ಕೆ ಬೇಡ. ಮತಕ್ಕೆ ಹಾಕಿದಾಗ 21ಕ್ಕೆ 34ರಿಂದ ಬಿತ್ತು.

ನಂತರದ ತಿದ್ದುಪಡಿ ನನ್ನದು. ‘ಕೋಣೆಯನ್ನು’ ಎಂಬ ಶಬ್ದದ ನಂತರ ‘ಬೆಳಿಗ್ಗೆ 9:30ರ ತನಕ ವಾಚನಾಲಯವಾಗಿ ಉಳಿಸಿಕೊಂಡು’ ಎಂದು ಸೇರಿಸಬೇಕು. ನನ್ನ ಲೆಕ್ಕ ಸರಳವಿತ್ತು: ಠರಾವು ಬಿದ್ದರೆ ಒಳ್ಳೆಯದು, ಗೆದ್ದರೂ ಬೆಳಗಿನ ಓದು ಉಳಿಯುತ್ತದೆ. ಕಾಕಾ ಎದ್ದು ತಿದ್ದುಪಡಿಗೇ ಒಂದು ತಿದ್ದುಪಡಿ ತಂದರು: 9:30 ಅಲ್ಲ, 10:30. ಇಲ್ಲಿ ಸಭೆಗೆ ಸ್ವಲ್ಪ ತಲೆ ತಿರುಗಿತು. ಅಕ್ಕಾವರು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಮೂಲ ವಾಕ್ಯವನ್ನು ಬಿಳಿಯಲ್ಲಿ ಉಳಿಸಿ, ನನ್ನ ಶಬ್ದಗಳನ್ನು ಹಳದಿಯಲ್ಲಿ, ಕಾಕಾನ ವೇಳೆಯನ್ನು ಕೆಂಪಿನಲ್ಲಿ ಬರೆದರು. ‘ಮೊದಲು ಕೆಂಪಿಗೆ ಮತ. ಆಮೇಲೆ ಹಳದಿಗೆ. ಕೊನೆಗೆ ಇಡೀ ವಾಕ್ಯಕ್ಕೆ. ಹಳದಿಗೆ ಕೈ ಎತ್ತಿದರೆ ಕೋಣೆ ಕೊಟ್ಟಂತೆ ಆಗುವುದಿಲ್ಲ, ಕೊಡುವುದಾದರೆ ಹೀಗೆ ಕೊಡಬೇಕು ಎಂದು ಮಾತ್ರ ಆಗುತ್ತದೆ.’ ಕೆಂಪು ಧ್ವನಿಮತದಿಂದ ಗೆದ್ದಿತು. ಹಳದಿ 38ಕ್ಕೆ 19ರಿಂದ ಗೆದ್ದಿತು. ನಾನು ಗೆದ್ದೆ ಎಂದುಕೊಂಡೆ.

ತಿದ್ದಿದ ಠರಾವಿನ ಮೇಲೆ ಚರ್ಚೆ ಇನ್ನೊಂದು ಸುತ್ತು ಹೋದಾಗ ‘ಸಾಕು, ಮತಕ್ಕೆ ಹಾಕಿ’ ಎಂಬ ಕೂಗು ಎದ್ದಿತು. ಕೂಗಿದ ಮಾತ್ರಕ್ಕೆ ಚರ್ಚೆ ನಿಲ್ಲುವುದಿಲ್ಲ. ಬ್ರಿಟನ್ನಿನ ಸಂಸತ್ತು ಕೂಡ ಚರ್ಚೆಗೆ ತೆರೆ ಎಳೆಯುವ ನಿಯಮ ಮಾಡಿಕೊಂಡದ್ದು 1881ರಲ್ಲಿ ಕಲಾಪ ಸತತ 41 ತಾಸು ನಡೆದ ಮೇಲೆ. ಅಕ್ಕಾವರು ಚರ್ಚೆ ನಿಲ್ಲಿಸಬೇಕೇ ಎಂಬುದನ್ನೇ ಮತಕ್ಕೆ ಹಾಕಿದರು. ಪರ 35, ವಿರುದ್ಧ 22. ಬಹುಮತವಿತ್ತು, ಆದರೆ 57ರಲ್ಲಿ ಮೂರರಲ್ಲಿ ಎರಡು ಭಾಗಕ್ಕೆ 38 ಬೇಕಿತ್ತು. ಚರ್ಚೆ ಮುಂದುವರಿಯಿತು. ವಿರುದ್ಧ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಇನ್ನಷ್ಟು ಮಾತನಾಡಿದರೆ ನಾಲ್ಕಾರು ಮತ ನಮ್ಮ ಕಡೆ ವಾಲಬಹುದು ಎಂಬ ಆಸೆ.

ಆ ಉಳಿದ ವೇಳೆಯಲ್ಲಿ ಎದ್ದವರು ಗೋಡೆಗೆ ಒರಗಿ ನಿಂತಿದ್ದ ಒಬ್ಬ ಮಹಿಳೆ. ಸಂಘದ ಯಾವ ಸಭೆಯಲ್ಲೂ ಅವರು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಸೆರಗು ಸರಿಪಡಿಸಿಕೊಂಡು, ಹಲಗೆಯನ್ನೇ ನೋಡುತ್ತ ಹೇಳಿದರು: ‘ನನ್ನ ಮಗಳು ಧಾರವಾಡದಲ್ಲಿ ಕೋಣೆ ಹಿಡಿದು ಪರೀಕ್ಷೆಗೆ ಓದುತ್ತಿದ್ದಾಳೆ. ಅಲ್ಲಿನ ಬಾಡಿಗೆ, ಊಟ ಎರಡೂ ನಮ್ಮ ಮೇಲೆಯೇ. ಇಲ್ಲೇ ತರಗತಿ ಆದರೆ ಮನೆಯಲ್ಲೇ ಇರುತ್ತಾಳೆ. ಹತ್ತೂವರೆಯ ತನಕ ಕಾಕಾ ಅವರು ಓದಲಿ, ಆಮೇಲೆ ಮಕ್ಕಳು ಓದಲಿ. ಎರಡೂ ಓದುವುದೇ ಅಲ್ಲವೇ?’ ಒಂದು ನಿಮಿಷವೂ ಆಗಿರಲಿಲ್ಲ. ನನ್ನ ತಿದ್ದುಪಡಿಯನ್ನು ಎತ್ತಿಕೊಂಡು ನನ್ನ ವಿರುದ್ಧ ನಿಲ್ಲಿಸಿದ್ದರು. ವಾಚನಾಲಯ ಮುಚ್ಚುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಜೊತೆಗಿದ್ದವರ ಮುಖಗಳು ಸಡಿಲವಾದದ್ದು ಕಣ್ಣಿಗೆ ಕಾಣುತ್ತಿತ್ತು. ಅವರ ಕಾರಣವನ್ನು ಕಿತ್ತುಕೊಂಡವನು ನಾನೇ.

ತಿದ್ದಿದ ಠರಾವಿಗೆ ಪರ 33, ವಿರುದ್ಧ 26. ಒಬ್ಬರು ತಟಸ್ಥ. ಅಕ್ಕಾವರು ಮತ ಹಾಕಲಿಲ್ಲ.

ನಡವಳಿಯನ್ನು ಅಲ್ಲೇ ಬರೆದೆ. ವಾಕ್ಯ ಹಲಗೆಯ ಮೇಲೆ ಇದ್ದದ್ದರಿಂದ ನಕಲು ಮಾಡುವ ಕೆಲಸ ಮಾತ್ರ ಉಳಿದಿತ್ತು, ಏಳೆಂಟು ನಿಮಿಷ ಸಾಕಾಯಿತು. ಗಟ್ಟಿಯಾಗಿ ಓದಿದೆ. ಗೌಡರು ‘ತಿಂಗಳಿಗೆ’ ಎಂಬ ಶಬ್ದ ಬಿಟ್ಟುಹೋಗಿದೆ ಎಂದು ತೋರಿಸಿದರು, ಸೇರಿಸಿದೆ. ಹೊರಗೆ ಹೋಗುವಾಗ ನಮ್ಮ ಕಡೆಯವರೊಬ್ಬರು ಮುಂದಿನ ಸಭೆಯಲ್ಲಿ ಇದನ್ನೇ ಮತ್ತೆ ತರೋಣ ಎಂದು ಕಿವಿಯಲ್ಲಿ ಹೇಳಿದರು. ರಾಬರ್ಟ್ ಸಾಹೇಬರ ನಿಯಮದಂತೆ ಮರುಪರಿಶೀಲನೆ ಕೇಳಬೇಕಾದವರು ಗೆದ್ದ ಕಡೆ ಮತ ಹಾಕಿದವರೇ, ಅದೂ ಅದೇ ಸಭೆಯಲ್ಲೇ ಎಂದೆ. ಅವರಿಗೆ ಅದು ಅನ್ಯಾಯವಾಗಿ ಕಂಡಿತು. ಮಿರ್ಚಿ ಭಜಿಯನ್ನು ಮಾತ್ರ ಈ ಸಲ ಎಲ್ಲರೂ ತಿಂದರು.

ತರಗತಿ ಆರಂಭವಾಗಿ ಎರಡು ತಿಂಗಳಾಯಿತು. ಬೆಂಚು ಒರೆಸುವ ಹುಡುಗ ಕೈಯಲ್ಲಿ ಬಟ್ಟೆ ಹಿಡಿದು ಹತ್ತೂ ಇಪ್ಪತ್ತಕ್ಕೇ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಕಾಕಾ ಪದಬಂಧದಿಂದ ತಲೆ ಎತ್ತುವುದಿಲ್ಲ. ಮೊನ್ನೆ ಅವನು ಕೆಮ್ಮಿದಾಗ ಕನ್ನಡಕದ ಮೇಲಿನಿಂದ ನೋಡಿ, ‘ಇನ್ನೂ ಹತ್ತು ನಿಮಿಷ ಇದೆ ತಮ್ಮಾ. ನಂಬಿಕೆ ಇಲ್ಲದಿದ್ದರೆ ಕಾರ್ಯದರ್ಶಿಗಳ ಹತ್ತಿರ ಠರಾವು ಇದೆ, ಕೇಳು’ ಎಂದರು.